ಹಳೇ ಜಿಪ್ಸಿಯ ಹೀಟರ್‌ಗೆ ಮತ್ತೆ ಜೀವ ಬರಬೇಕಾದರೆ

ನಮ್ಮ ಮೂಡಿಗೆರೆ ಕಡೆ ಹಳೇ ಜೀಪು, ಮಾರುತಿ ಜಿಪ್ಸಿ ಇಟ್ಟುಕೊಂಡವರನ್ನು ಹೀಟರ್ ಕೆಲಸ ಮಾಡುತ್ತಾ ಅಂತ ಕೇಳಿ ನೋಡಿ. 'ಇದೇನು ಕಾಶ್ಮೀರವಾ, ಹೀಟರ್ ಯಾಕೆ?' ಅನ್ನುತ್ತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಪುನರ್ವಸು ಮಳೆಯಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದವರಿಗೆ ಅದರ ಬೆಲೆ ಗೊತ್ತು. ಹೊರಗೆ ದಟ್ಟ ಮಂಜು. ಒಳಗೆ ನಾಲ್ಕು ಜನರ ಉಸಿರು, ಒದ್ದೆ ಛತ್ರಿ, ಒದ್ದೆ ಬಟ್ಟೆ. ನೋಡನೋಡುತ್ತಾ ಮುಂದಿನ ಗಾಜು ಬೆಳ್ಳಗಾಗುತ್ತದೆ. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದು ಕೈಯಲ್ಲಿ ಗಾಜು ಒರೆಸುವ ಬಟ್ಟೆ. ಅಷ್ಟರಲ್ಲಿ ತಿರುವಿನಲ್ಲಿ ಬಸ್ಸು. ಹೀಟರ್ ಬೇಕಾಗಿರುವುದು ಮೊದಲು ಗಾಜಿಗೆ. ಕಾಲು ಬೆಚ್ಚಗಾಗುವುದು ಆಮೇಲಿನ ಮಾತು.

ಬಿಸಿ ಗಾಳಿ ಗಾಜನ್ನು ಒಣಗಿಸುವುದು ಯಾಕೆ ಅಂತ ತಿಳಿದುಕೊಂಡರೆ ಮುಂದಿನ ಕೆಲಸ ಸುಲಭ. 20 ಡಿಗ್ರಿ ಬಿಸಿಯಿರುವ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿ ಹಿಡಿದುಕೊಳ್ಳುತ್ತದೆ. ಮಳೆಗಾಲದಲ್ಲಿ ಘಾಟಿಯ ಗಾಳಿ ಆಗಲೇ ಹೊಟ್ಟೆ ತುಂಬಾ ಕುಡಿದಿರುತ್ತದೆ, ಇನ್ನು ಒಂದು ಹನಿಗೂ ಅದರಲ್ಲಿ ಜಾಗವಿಲ್ಲ. ಅದೇ ಗಾಳಿಯನ್ನು 40 ಡಿಗ್ರಿಗೆ ಬಿಸಿ ಮಾಡಿದರೆ 51 ಗ್ರಾಂ ಹಿಡಿಯುತ್ತದೆ. ಅಂದರೆ ಗಾಜಿನ ಮೇಲಿನ ತೇವವನ್ನು ಹೀರಿಕೊಳ್ಳಲು ಅದಕ್ಕೆ ಜಾಗ ಸಿಗುತ್ತದೆ. ಜೊತೆಗೆ ಗಾಜೂ ಬೆಚ್ಚಗಾಗುತ್ತದೆ. ಬೆಚ್ಚಗಿನ ಗಾಜಿನ ಮೇಲೆ ಆವಿ ಕೂರುವುದಿಲ್ಲ. ಬರೀ ಫ್ಯಾನ್ ಹಾಕಿ ತಣ್ಣನೆ ಗಾಳಿ ಬಿಟ್ಟರೆ ಇಷ್ಟು ಕೆಲಸ ಆಗುವುದಿಲ್ಲ.

ನನ್ನದು 1998ರ ಜಿಪ್ಸಿ ಕಿಂಗ್, 1.3 ಲೀಟರ್ ಪೆಟ್ರೋಲ್ ಇಂಜಿನ್, ಕ್ಯಾನ್ವಾಸ್ ಟಾಪ್. ಮದುವೆಯಾಗಿ ಬಣಕಲ್ ಹತ್ತಿರದ ಈ ತೋಟಕ್ಕೆ ಬಂದಾಗ ಮಾವ ಓಡಿಸುತ್ತಿದ್ದರು. ಈಗ ನಾನೇ ಓಡಿಸುತ್ತೇನೆ, ಸಣ್ಣಪುಟ್ಟ ರಿಪೇರಿಯೂ ನನ್ನದೇ. ಹೀಟರ್ ಪೆಟ್ಟಿಗೆ ಮೊದಲಿನಿಂದ ಇತ್ತು, ಬಿಸಿ ಮಾತ್ರ ಬರುತ್ತಿರಲಿಲ್ಲ. ನಮ್ಮದನ್ನು ಸರಿ ಮಾಡಿದ ಮೇಲೆ ನೆಂಟರಿಷ್ಟರ, ಅಕ್ಕಪಕ್ಕದ ತೋಟದವರ ಗಾಡಿಗಳನ್ನೂ ನೋಡಿದ್ದೇನೆ. ಎಲ್ಲ ಕಡೆ ಕಂಡದ್ದು ಒಂದೇ ವಿಷಯ. ಹೀಟರ್ ತಾನಾಗಿ ಕೆಟ್ಟಿದ್ದು ಕಡಿಮೆ. ಬೇರೆ ಯಾವುದೋ ತೊಂದರೆಗೆ ಯಾರೋ ಮಾಡಿದ ಅಡ್ಡದಾರಿಯ ರಿಪೇರಿಯೇ ಅದನ್ನು ಸಾಯಿಸಿರುತ್ತದೆ. ಥರ್ಮೋಸ್ಟಾಟ್ ಕಿತ್ತು ಎಸೆದಿರುತ್ತಾರೆ. ಹೀಟರ್ ಪೈಪುಗಳನ್ನು ಒಂದಕ್ಕೊಂದು ಸೇರಿಸಿ ಬೈಪಾಸ್ ಮಾಡಿರುತ್ತಾರೆ. ರೇಡಿಯೇಟರ್ ಸೋರಿದಾಗ ಅರಿಶಿನ ಪುಡಿ ಸುರಿದಿರುತ್ತಾರೆ. ಹಾಗಾಗಿ ಹೊಸ ಸಾಮಾನು ತರುವ ಮೊದಲು, ಕಂಪನಿಯವರು ಕೊಟ್ಟಿದ್ದೆಲ್ಲ ಜಾಗದಲ್ಲಿ ಇದೆಯಾ ಅಂತ ನೋಡಿ.

ಹೀಟರ್ ಕೆಲಸ ಮಾಡುವ ರೀತಿ ತುಂಬಾ ಸರಳ. ಇಂಜಿನ್‌ನಲ್ಲಿ ಬಿಸಿಯಾದ ಕೂಲೆಂಟ್‌ನ (ಇಂಜಿನ್ ತಣಿಸುವ ದ್ರವ, ರೂಢಿಯಲ್ಲಿ ನೀರು ಅಂತಲೇ ಅನ್ನುತ್ತೇವೆ) ಒಂದು ಪಾಲು ರಬ್ಬರ್ ಹೋಸ್ ಮೂಲಕ ಡ್ಯಾಶ್‌ಬೋರ್ಡ್ ಕೆಳಗಿನ ಪೆಟ್ಟಿಗೆಗೆ ಬರುತ್ತದೆ. ಅಲ್ಲಿ ಪುಟ್ಟ ರೇಡಿಯೇಟರ್ ಒಂದಿದೆ, ಅದೇ ಹೀಟರ್ ಕೋರ್. ಬ್ಲೋವರ್ ಅದರ ಮೂಲಕ ಗಾಳಿ ತಳ್ಳುತ್ತದೆ. ತಣ್ಣಗಾದ ಕೂಲೆಂಟ್ ಇನ್ನೊಂದು ಹೋಸ್‌ನಲ್ಲಿ ಇಂಜಿನ್‌ಗೆ ವಾಪಸ್. ನಡುವೆ ಒಂದು ವಾಲ್ವ್, ಅದನ್ನು ಎಳೆಯುವ ಕೇಬಲ್. ಗಾಳಿಯನ್ನು ಗಾಜಿಗೋ ಕಾಲಿಗೋ ತಿರುಗಿಸುವ ಮುಚ್ಚಳ. ಇಷ್ಟೇ.

ಮೊದಲು ನೀರು ನೋಡಿ. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆಯಿರಿ. ಬಿಸಿಯಿದ್ದಾಗ ಬೇಡವೇ ಬೇಡ, ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಪಕ್ಕದ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರಿದೆ ಅಂತ ಸುಮ್ಮನಾಗಬೇಡಿ. ಕ್ಯಾಪ್‌ನ ರಬ್ಬರ್ ಹಾಳಾಗಿದ್ದರೆ ಬಾಟಲಿಯ ನೀರನ್ನು ರೇಡಿಯೇಟರ್ ವಾಪಸ್ ಎಳೆದುಕೊಳ್ಳುವುದಿಲ್ಲ. ಬಾಟಲಿ ತುಂಬಿರುತ್ತದೆ, ರೇಡಿಯೇಟರ್ ಅರ್ಧ ಖಾಲಿ. ಹೀಟರ್ ಕೋರ್ ಎತ್ತರದಲ್ಲಿ ಇರುವುದರಿಂದ ನೀರು ಕಡಿಮೆಯಾದರೆ ಮೊದಲು ಒಣಗುವುದು ಅದೇ. ಕ್ಯಾಪ್ ಹಳೆಯದಾಗಿದ್ದರೆ ಬದಲಿಸಿ. ಅದರ ಮೇಲೆ ಸಾಮಾನ್ಯವಾಗಿ 0.9 ಅಂತ ಒತ್ತಿರುತ್ತಾರೆ. ಅಷ್ಟು ಬಾರ್ ಒತ್ತಡ ತಡೆಯುತ್ತದೆ ಅಂತ ಅರ್ಥ. ಅದೇ ಅಳತೆಯದನ್ನು ತನ್ನಿ.

ಇನ್ನು ಥರ್ಮೋಸ್ಟಾಟ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಹೀಟರ್ ತಣ್ಣಗಿರಲು ಮೊದಲ ಕಾರಣ ಇದೇ. ಇಂಜಿನ್ ಬಿಸಿಯಾಗುವ ತನಕ ನೀರು ರೇಡಿಯೇಟರ್‌ಗೆ ಹೋಗದಂತೆ ತಡೆಯುವ ಬಾಗಿಲು ಅದು. ಒಳಗೆ ಮೇಣ ಇರುತ್ತದೆ. ಬಿಸಿಗೆ ಮೇಣ ಕರಗಿ ಹಿಗ್ಗಿ ಬಾಗಿಲನ್ನು ತಳ್ಳುತ್ತದೆ. ಹಳೇದಾದಾಗ ಕೆಲವೊಮ್ಮೆ ಬಾಗಿಲು ಮುಚ್ಚಿದಂತೆಯೇ ಸಿಕ್ಕಿಕೊಳ್ಳುತ್ತದೆ, ಆಗ ಇಂಜಿನ್ ಕುದಿಯುತ್ತದೆ. ಗ್ಯಾರೇಜಿನಲ್ಲಿ ಅದನ್ನು ಕಿತ್ತು ಹಾಕಿ 'ನಮ್ಮ ದೇಶಕ್ಕೆ ಇದು ಬೇಕಾಗಿಲ್ಲ' ಅನ್ನುತ್ತಾರೆ. ಬೇಕು. ಅದಿಲ್ಲದಿದ್ದರೆ ಇಂಜಿನ್ ಯಾವಾಗಲೂ ಅರೆಬಿಸಿ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಆಯಿಲ್ ತೆಳುವಾಗುವುದಿಲ್ಲ, ಸವೆತ ಹೆಚ್ಚು. ಕಣದಿಂದ ಕೆಲಸದವರ ಲೈನ್ ಮನೆಗೆ, ಅಲ್ಲಿಂದ ಪೇಟೆಗೆ ಅಂತ ಸಣ್ಣ ಓಡಾಟ ಮಾಡುವ ಗಾಡಿಯಲ್ಲಿ ಮಳೆಗಾಲದಲ್ಲಿ ಆಯಿಲ್ ತುಂಬುವ ಮುಚ್ಚಳದ ಕೆಳಗೆ ಬೆಣ್ಣೆಯಂಥ ಬಿಳಿ ಕೆಸರು ಕಟ್ಟುತ್ತದಲ್ಲ, ಇಂಜಿನ್ ಬಿಸಿಯಾಗದಿರುವುದು ಅದಕ್ಕೂ ಒಂದು ಕಾರಣ. ಬಿಳಿ ಕೆಸರು ತುಂಬಾ ಇದ್ದು ಕೂಲೆಂಟ್ ಕೂಡ ಕಡಿಮೆಯಾಗುತ್ತಾ ಇದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ ತೋರಿಸಿ.

ಥರ್ಮೋಸ್ಟಾಟ್ ಇದೆಯೋ ಇಲ್ಲವೋ ಅಂತ ಬಿಚ್ಚದೆಯೂ ತಿಳಿಯಬಹುದು. ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿ, ರೇಡಿಯೇಟರ್‌ನ ಮೇಲಿನ ಹೋಸ್ ಮುಟ್ಟಿ. ಫ್ಯಾನ್ ಮತ್ತು ಬೆಲ್ಟ್‌ನಿಂದ ಕೈ, ದುಪಟ್ಟಾ, ಜಡೆ ಎಲ್ಲ ದೂರ ಇರಲಿ. ಸರಿಯಾದ ಥರ್ಮೋಸ್ಟಾಟ್ ಇದ್ದರೆ ಹೋಸ್ ತುಂಬಾ ಹೊತ್ತು ತಣ್ಣಗಿದ್ದು ಆಮೇಲೆ ತಟ್ಟನೆ ಬಿಸಿಯಾಗುತ್ತದೆ. ಇಲ್ಲದಿದ್ದರೆ ಮೊದಲಿನಿಂದಲೇ ಮೆಲ್ಲಗೆ ಬೆಚ್ಚಗಾಗುತ್ತಾ ಹೋಗುತ್ತದೆ. ಇನ್ನೊಂದು ಗುರುತು ಘಾಟಿಯಲ್ಲಿ ಸಿಗುತ್ತದೆ. ಏರುವಾಗ ಹೀಟರ್ ಬಿಸಿ, ಎರಡನೇ ಗೇರಿನಲ್ಲಿ ಇಳಿಯುವಾಗ ತಣ್ಣಗೆ, ಮೀಟರಿನ ಮುಳ್ಳು ಕೆಳಗೆ ಜಾರುತ್ತದೆ. ಹೀಗಾದರೆ ಥರ್ಮೋಸ್ಟಾಟ್ ಇಲ್ಲ, ಅಥವಾ ತೆರೆದೇ ಉಳಿದಿದೆ.

ರೇಡಿಯೇಟರ್‌ನ ಮೇಲಿನ ಹೋಸ್ ಇಂಜಿನ್ ಕಡೆ ಎಲ್ಲಿ ಸೇರುತ್ತದೋ ಅಲ್ಲೇ ಅದರ ಮನೆ. ಜಿಪ್ಸಿಯಲ್ಲಿ ಎರಡು ಬೋಲ್ಟ್ ಬಿಚ್ಚಿದರೆ ಮುಚ್ಚಳ ಬರುತ್ತದೆ. ಮೊದಲು ಸ್ವಲ್ಪ ಕೂಲೆಂಟ್ ಕೆಳಗಿನಿಂದ ಒಂದು ಡಬ್ಬಕ್ಕೆ ಇಳಿಸಿಕೊಳ್ಳಿ. ಬೋಲ್ಟ್ ತುಕ್ಕು ಹಿಡಿದು ಕೂತಿದ್ದರೆ ಜೋರು ಮಾಡಬೇಡಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬೋಲ್ಟ್ ಒಳಗೇ ತುಂಡಾದರೆ ಅರ್ಧ ಗಂಟೆಯ ಕೆಲಸ ಲೇತ್ ಅಂಗಡಿಗೆ ಹೋಗಿ ನಿಲ್ಲುತ್ತದೆ.

ಹೊಸ ಥರ್ಮೋಸ್ಟಾಟ್ ತಂದರೂ ಹಾಕುವ ಮೊದಲು ಪರೀಕ್ಷೆ ಮಾಡಿ. ಅದರ ಮೇಲೆ 82 ಅಥವಾ 88 ಅಂತ ಒತ್ತಿರುತ್ತಾರೆ, ತೆರೆಯಲು ಶುರುವಾಗುವ ಡಿಗ್ರಿ ಅದು. ಒಲೆಯ ಮೇಲೆ ಒಂದು ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟ್‌ಗೆ ದಾರ ಕಟ್ಟಿ ತಳಕ್ಕೆ ತಾಗದಂತೆ ಇಳಿಬಿಡಿ. ಪಕ್ಕದಲ್ಲಿ ಥರ್ಮಾಮೀಟರ್ ಇರಲಿ. ಜ್ವರ ನೋಡುವುದು ಆಗುವುದಿಲ್ಲ, ನೂರು ಡಿಗ್ರಿ ತೋರಿಸುವಂಥದ್ದು ಬೇಕು. 82ರದ್ದು 95ರ ಆಸುಪಾಸಿಗೆ ಪೂರ್ತಿ ತೆರೆಯಬೇಕು, ಬಾಗಿಲು ಸುಮಾರು 8 ಮಿಲಿಮೀಟರ್ ಎದ್ದಿರಬೇಕು. ಒಂದು ವಿಷಯ ನೆನಪಿರಲಿ. ನಾವು ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಆಸುಪಾಸಿನಲ್ಲಿದ್ದೇವೆ. ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಅದಕ್ಕಿಂತ ಮೇಲೆ ಹೋಗುವುದಿಲ್ಲ. ಹಾಗಾಗಿ 88ರ ಥರ್ಮೋಸ್ಟಾಟ್ ನಮ್ಮ ಪಾತ್ರೆಯಲ್ಲಿ ಪೂರ್ತಿ ತೆರೆಯದಿದ್ದರೆ ಅದು ಹಾಳಾಗಿದೆ ಅಂತ ತೀರ್ಮಾನ ಮಾಡಬೇಡಿ. ಸರಿಯಾದ ಡಿಗ್ರಿಗೆ ತೆರೆಯಲು ಶುರು ಮಾಡಿತಾ, ತಣ್ಣಗಾದಾಗ ಪೂರ್ತಿ ಮುಚ್ಚಿತಾ, ಅಷ್ಟು ನೋಡಿ.

ಹಾಕುವಾಗ ಸ್ಪ್ರಿಂಗ್ ಇರುವ ಕಡೆ ಇಂಜಿನ್ ಒಳಗೆ ಹೋಗಬೇಕು. ಅಂಚಿನಲ್ಲಿ ಒಂದು ಸಣ್ಣ ತೂತು, ಅದರಲ್ಲಿ ಅಲ್ಲಾಡುವ ಪಿನ್ ಇದ್ದರೆ ಅದು ಮೇಲ್ಗಡೆ ಬರಲಿ, ಗಾಳಿ ಹೊರಹೋಗುವ ದಾರಿ ಅದು. ಹಳೇ ಗ್ಯಾಸ್ಕೆಟ್ ಪೂರ್ತಿ ಕೆರೆದು ಹೊಸದು ಹಾಕಿ. ಜಾಗ ಅಲ್ಯುಮಿನಿಯಂ, ಬೋಲ್ಟ್ ವಿಪರೀತ ಬಿಗಿದರೆ ಮರೆ (ಥ್ರೆಡ್) ಹಾಳಾಗುತ್ತದೆ. ಥರ್ಮೋಸ್ಟಾಟ್ ಹಾಕಿದ ಮೇಲೆ ಇಂಜಿನ್ ಕುದಿಯಲು ಶುರುವಾದರೆ ತಪ್ಪು ಅದರದ್ದಲ್ಲ. ರೇಡಿಯೇಟರ್ ಕಟ್ಟಿದೆ, ಇಲ್ಲವೇ ಫ್ಯಾನ್ ಬೆಲ್ಟ್ ಸಡಿಲ, ಇಲ್ಲವೇ ವಾಟರ್ ಪಂಪ್ ಹೋಗಿದೆ. ಅದನ್ನು ಹುಡುಕಿ ಸರಿ ಮಾಡಿ.

ಇಂಜಿನ್ ಚೆನ್ನಾಗಿ ಬಿಸಿಯಾಗುತ್ತಿದೆ, ಆದರೂ ಹೀಟರ್ ತಣ್ಣಗಿದೆ ಅಂದುಕೊಳ್ಳಿ. ಬಾನೆಟ್ ತೆಗೆದು, ಇಂಜಿನ್ ಹಿಂದಿನ ತಗಡಿನ ಗೋಡೆಯ ಮೂಲಕ ಕ್ಯಾಬಿನ್ ಒಳಗೆ ಹೋಗುವ ಎರಡು ಸಣ್ಣ ಹೋಸ್ ಹುಡುಕಿ. ಅವು ಅಲ್ಲಿ ಇಲ್ಲವೇ ಇಲ್ಲ, ಇಂಜಿನ್ ಪಕ್ಕದಲ್ಲೇ ಒಂದೇ ಹೋಸ್ ಬಾಗಿ ಎರಡೂ ಬಾಯಿಗೆ ಕೂತಿದೆ ಅಂದರೆ ಬೈಪಾಸ್ ಮಾಡಿದ್ದಾರೆ. ಕೋರ್ ಸೋರಿದ್ದರಿಂದಲೇ ಹಾಗೆ ಮಾಡಿರುತ್ತಾರೆ. ಸುಮ್ನೆ ಜೋಡಿಸಿದರೆ ಕೂಲೆಂಟ್ ಕಾಲ ಮೇಲೆ ಬರುತ್ತದೆ.

ಹೋಸ್ ಎರಡೂ ಇದ್ದರೆ, ಹೀಟರ್ ಲಿವರ್ ಪೂರ್ತಿ ಬಿಸಿ ಕಡೆ ಇಟ್ಟು, ಇಂಜಿನ್ ಬಿಸಿಯಾದ ಮೇಲೆ ಮುಟ್ಟಿ ನೋಡಿ. ಎರಡೂ ಬಿಸಿಯಾಗಿದ್ದರೆ ನೀರಿನ ಕೆಲಸ ಸರಿಯಿದೆ, ತೊಂದರೆ ಗಾಳಿಯದ್ದು. ಎರಡೂ ತಣ್ಣಗಿದ್ದರೆ ನೀರು ಕಡಿಮೆ ಅಥವಾ ಗಾಳಿ ಸಿಕ್ಕಿಕೊಂಡಿದೆ. ಒಂದು ಸುಡುತ್ತಿದೆ, ಇನ್ನೊಂದು ತಣ್ಣಗಿದೆ ಅಂದರೆ ವಾಲ್ವ್ ಮುಚ್ಚಿದೆ ಅಥವಾ ಕೋರ್ ಕಟ್ಟಿದೆ. ಈ ಒಂದು ಪರೀಕ್ಷೆ ಗೊತ್ತಿದ್ದರೆ ಅರ್ಧ ಖರ್ಚು ಉಳಿಯುತ್ತದೆ.

ವಾಲ್ವ್ ಕೆಲವು ಗಾಡಿಗಳಲ್ಲಿ ಬಾನೆಟ್ ಒಳಗೆ, ಕೆಲವುದರಲ್ಲಿ ಡ್ಯಾಶ್ ಕೆಳಗೆ ಇರುತ್ತದೆ. ಯಾರಾದರೂ ಒಳಗೆ ಕೂತು ಲಿವರ್ ಆಡಿಸಲಿ, ನೀವು ವಾಲ್ವ್‌ನ ಕೈ ಪೂರ್ತಿ ತಿರುಗುತ್ತಾ ನೋಡಿ. ವರ್ಷಗಟ್ಟಲೆ ಆಡಿಸದ ಕೇಬಲ್ ತುಕ್ಕು ಹಿಡಿದು ಕೂತಿರುತ್ತದೆ, ಇಲ್ಲವೇ ಅದನ್ನು ಹಿಡಿದಿರುವ ಕ್ಲಿಪ್ ಜಾರಿರುತ್ತದೆ. ಕೇಬಲ್‌ಗೆ ತೆಳು ಎಣ್ಣೆ ಬಿಡಿ, ಕ್ಲಿಪ್ ಸರಿಸಿ ಕೂರಿಸಿ. ವಾಲ್ವ್ ಸೋರುತ್ತಿದ್ದರೆ ಬದಲಿಸಿ.

ಕೋರ್ ಕಟ್ಟುವುದಕ್ಕೆ ನಮ್ಮ ಅಭ್ಯಾಸಗಳೇ ಕಾರಣ. ಹಳ್ಳದ ನೀರು, ಬೋರ್‌ವೆಲ್ ನೀರು, ಸಿಕ್ಕಿದ್ದೆಲ್ಲ ರೇಡಿಯೇಟರ್‌ಗೆ. ತುಕ್ಕು, ಉಪ್ಪಿನ ಪದರ ಎಲ್ಲ ಬಂದು ಕೂರುವುದು ಕೋರ್‌ನ ಸಣ್ಣ ಕೊಳವೆಗಳಲ್ಲಿ. ಅರಿಶಿನ ಪುಡಿ ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಮನೆಗೆ ತಲುಪಿಸುತ್ತದೆ ನಿಜ. ಆದರೆ ಸೋರುವ ತೂತು ಯಾವುದು, ಬೇಕಾದ ದಾರಿ ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಎರಡನ್ನೂ ಮುಚ್ಚುತ್ತದೆ. ಮನೆಗೆ ಬಂದ ತಕ್ಷಣ ತೊಳೆದು ತೆಗೆಯಬೇಕು.

ತೊಳೆಯುವುದು ಹೀಗೆ. ಎರಡೂ ಹೋಸ್ ಗೋಡೆಯ ಹತ್ತಿರ ಬಿಡಿಸಿ. ಹಳೇ ಹೋಸ್ ಪೈಪಿಗೆ ಅಂಟಿಕೊಂಡಿದ್ದರೆ ಎಳೆದಾಡಬೇಡಿ, ಒಳಗಿನ ಕೋರ್‌ನ ಬೆಸುಗೆ ಬಿಟ್ಟುಹೋಗುತ್ತದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಿರಿ, ಹೊಸ ಹೋಸ್ ಹಾಕಿದರಾಯಿತು. ನೀರು ಹೊರಬರುವ ಬಾಯಿಗೆ ಕೈತೋಟದ ಪೈಪ್ ಹಿಡಿದು ಹಿಮ್ಮುಖವಾಗಿ ಮೆಲ್ಲಗೆ ನೀರು ಬಿಡಿ. ತೋಟಕ್ಕೆ ಬೋರ್ಡೋ ಹೊಡೆಯುವ ಪವರ್ ಸ್ಪ್ರೇಯರ್ ಮಾತ್ರ ತರಬೇಡಿ. ಕೋರ್ ತಡೆಯುವುದು ಒಂದು ಬಾರ್ ಆಸುಪಾಸಿನ ಒತ್ತಡ, ಸ್ಪ್ರೇಯರ್ ಅದರ ಎಷ್ಟೋ ಪಟ್ಟು ಕೊಡುತ್ತದೆ. ಕಂದು ನೀರು ತಿಳಿಯಾದ ಮೇಲೆ, ಒಂದು ಲೀಟರ್ ಬಿಸಿ ನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಕೋರ್ ಒಳಗೆ ತುಂಬಿ. ಹಿತ್ತಾಳೆ ಕೋರ್ ಆದರೆ ಅರ್ಧ ಗಂಟೆ ಬಿಡಿ, ಅಲ್ಯುಮಿನಿಯಂ ಆದರೆ ಹತ್ತು ನಿಮಿಷ ಸಾಕು. ಮತ್ತೆ ಎರಡೂ ದಿಕ್ಕಿನಿಂದ ಚೆನ್ನಾಗಿ ತೊಳೆಯಿರಿ.

ತೊಳೆದ ಮೇಲೆ ಕೋರ್ ಸೋರಲು ಶುರುವಾದರೆ ಬೇಸರ ಮಾಡಿಕೊಳ್ಳಬೇಡಿ. ತೂತನ್ನು ಕೊಳೆಯೇ ಮುಚ್ಚಿತ್ತು ಅಷ್ಟೆ. ಕ್ಯಾಬಿನ್‌ನಲ್ಲಿ ಸಿಹಿ ವಾಸನೆ, ಗಾಜಿನ ಒಳಗೆ ಒರೆಸಿದರೂ ಹೋಗದ ಜಿಡ್ಡು, ಕಾಲಿನ ಮ್ಯಾಟ್ ಒದ್ದೆ, ಇವು ಕೋರ್ ಸೋರುವ ಗುರುತುಗಳು. ಜಿಪ್ಸಿಯಲ್ಲಿ ಕೋರ್ ಹೊರತೆಗೆಯಲು ಡ್ಯಾಶ್ ಬಿಚ್ಚಬೇಕು, ಒಂದು ದಿನ ಮೀಸಲಿಡಿ. ಪ್ರತಿ ವೈರ್‌ಗೂ ಚೀಟಿ ಅಂಟಿಸಿ, ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಹಿತ್ತಾಳೆ ಕೋರ್ ಆದರೆ ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ರೇಡಿಯೇಟರ್ ಕೆಲಸದವರು ಬೆಸುಗೆ ಹಾಕಿ, ನೀರಿನಲ್ಲಿ ಮುಳುಗಿಸಿ ಗಾಳಿ ಬಿಟ್ಟು ಪರೀಕ್ಷೆ ಮಾಡಿ ಕೊಡುತ್ತಾರೆ. ವಾಪಸ್ ಕೂರಿಸುವಾಗ ಕೋರ್ ಸುತ್ತ ಹೊಸ ಫೋಮ್ ಪಟ್ಟಿ ಅಂಟಿಸಿ. ಹಳೇ ಫೋಮ್ ಪುಡಿಯಾಗಿ ಉದುರಿರುತ್ತದೆ. ಸಂದಿ ಇದ್ದರೆ ಗಾಳಿ ಕೋರ್ ಮೂಲಕ ಹೋಗದೆ ಪಕ್ಕದಿಂದ ತಣ್ಣಗೇ ನುಸುಳುತ್ತದೆ.

ಈಗ ಕೂಲೆಂಟ್ ತುಂಬುವುದು. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ, ಆದರೂ ಕೂಲೆಂಟ್ ಬೇಕು. ತುಕ್ಕು ತಡೆಯುವ ಗುಣ ಅದರಲ್ಲಿದೆ, ಕುದಿಯುವ ಮಟ್ಟವನ್ನೂ ಏರಿಸುತ್ತದೆ. ನೇರ ಸುರಿಯುವ ರೆಡಿ ಮಿಕ್ಸ್ ತನ್ನಿ, ಅಥವಾ ನೀರು ಬೆರೆಸದ ಗಟ್ಟಿ ಕೂಲೆಂಟ್‌ಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೆರೆಸಿ. ಗಾಡಿಯನ್ನು ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ. ತೋಟದ ರಸ್ತೆಯಲ್ಲಿ ಏರಿಗೇನು ಕಮ್ಮಿ ಅಲ್ವಾ? ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆಯಿರಿ. ಹೀಟರ್ ಲಿವರ್ ಬಿಸಿ ಕಡೆ ಇರಲಿ. ಕ್ಯಾಪ್ ತೆಗೆದಿಟ್ಟೇ ನಿಧಾನ ತುಂಬಿ, ಇಂಜಿನ್ ಸ್ಟಾರ್ಟ್ ಮಾಡಿ, ಹೋಸ್‌ಗಳನ್ನು ಆಗಾಗ ಹಿಂಡಿ. ಗುಳ್ಳೆ ಬರುತ್ತದೆ, ಮಟ್ಟ ಇಳಿಯುತ್ತದೆ, ಮತ್ತೆ ತುಂಬಿ. ಥರ್ಮೋಸ್ಟಾಟ್ ತೆರೆದು ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ. ಮರುದಿನ ಬೆಳಿಗ್ಗೆ ಮತ್ತೆ ಮಟ್ಟ ನೋಡಿ. ಡ್ಯಾಶ್ ಒಳಗಿನಿಂದ ನೀರು ಗುಳುಗುಳು ಅಂದರೆ ಇನ್ನೂ ಗಾಳಿಯಿದೆ.

ಹಳೇ ಕೂಲೆಂಟ್‌ ಅನ್ನು ದಯವಿಟ್ಟು ಅಂಗಳಕ್ಕೆ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ನೆಕ್ಕುತ್ತದೆ. ಸ್ವಲ್ಪವೇ ಸಾಕು, ಅದರ ಕಿಡ್ನಿ ಹೋಗುತ್ತದೆ. ತೋಟದ ಮನೆಯಲ್ಲಿ ನಾಯಿ ಇಲ್ಲದವರು ಯಾರಿದ್ದಾರೆ? ಮುಚ್ಚಳವಿರುವ ಕ್ಯಾನಿಗೆ ತುಂಬಿ ಎತ್ತಿಡಿ, ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಚೆಲ್ಲಿದ್ದನ್ನು ತೊಳೆದು ಬಿಡಿ.

ಗಾಳಿಯ ಕಡೆಯ ಕೆಲಸ ಸುಲಭ. ಬ್ಲೋವರ್ ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ಅರ್ತ್ ವೈರ್‌ನ ತುಕ್ಕು. ಫ್ಯೂಸ್ ಜಾಗದಲ್ಲಿ ತಂತಿ ಸುತ್ತಿದ್ದರೆ ಇವತ್ತೇ ತೆಗೆಯಿರಿ, ಹಳೇ ಗಾಡಿಗೆ ಬೆಂಕಿ ಹತ್ತುವುದು ಹೀಗೇ. ಜೋರು ಸ್ಪೀಡಿನಲ್ಲಿ ಮಾತ್ರ ತಿರುಗಿ ಕಡಿಮೆಯಲ್ಲಿ ನಿಂತರೆ ರೆಸಿಸ್ಟರ್ ಸುಟ್ಟಿದೆ. ತಿರುಗಿದರೂ ಗಾಳಿ ಬಾರದಿದ್ದರೆ ವೈಪರ್ ಕೆಳಗಿನ ಜಾಲರಿ ನೋಡಿ. ಸಿಲ್ವರ್ ಓಕ್ ಎಲೆ ಅಲ್ಲಿ ಕಂತೆಗಟ್ಟಲೆ ತುಂಬಿರುತ್ತದೆ, ಇಲಿ ಗೂಡು ಕೂಡ ಇರಬಹುದು. ಡ್ಯಾಶ್ ಕೆಳಗೆ ಟಾರ್ಚ್ ಬಿಟ್ಟು ಗಾಜಿನ ಕಡೆ ಹೋಗುವ ಪೈಪ್ ಜಾಗದಲ್ಲಿದೆಯಾ ನೋಡಿ. ಅದು ಕಳಚಿ ಬಿದ್ದಿದ್ದರೆ ಬಿಸಿ ಗಾಳಿಯೆಲ್ಲ ಡ್ಯಾಶ್ ಹಿಂದೆಯೇ ಉಳಿಯುತ್ತದೆ.

ಘಾಟಿಯಲ್ಲಿ ಬಳಸುವಾಗ ಹೊರಗಿನ ಗಾಳಿ ಒಳಬರುವಂತೆ ಇಡಿ. ಒಳಗಿನ ಗಾಳಿಯನ್ನೇ ಸುತ್ತಿಸಿದರೆ ನಮ್ಮ ಉಸಿರಿನ ಆವಿ ಅಲ್ಲೇ ಉಳಿದು ಗಾಜು ಮತ್ತೆ ಮಸುಕು. ಪಕ್ಕದ ಕಿಟಕಿ ಒಂದು ಬೆರಳಿನಷ್ಟು ತೆರೆದಿರಲಿ. ಗಾಜಿನ ಒಳಭಾಗವನ್ನು ಮೊದಲೇ ಸೋಪು ನೀರಿನಿಂದ ಒರೆಸಿ ಜಿಡ್ಡು ತೆಗೆದಿಟ್ಟರೆ ಮಂಜು ಹಿಡಿಯುವುದೇ ಕಡಿಮೆ. ಕ್ಯಾನ್ವಾಸ್ ಟಾಪಿನವರು ಇನ್ನೊಂದು ಎಚ್ಚರ ವಹಿಸಬೇಕು. ಹಿಂದಿನ ಪರದೆ ತೆರೆದು ಓಡಿಸಿದರೆ ಸೈಲೆನ್ಸರ್ ಹೊಗೆ ಒಳಗೆ ಎಳೆದುಕೊಳ್ಳುತ್ತದೆ. ಸೈಲೆನ್ಸರ್ ಜೋಡಣೆ ಸೋರುತ್ತಿದ್ದರೆ ಹೀಟರ್ ಗಾಳಿಯ ಜೊತೆಗೂ ಬರಬಹುದು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಚಳಿ ಅಂತ ಶೆಡ್ ಬಾಗಿಲು ಮುಚ್ಚಿ, ಇಂಜಿನ್ ಚಾಲೂ ಇಟ್ಟು ಒಳಗೆ ಕೂರಬೇಡಿ.

ಹೀಟರ್ ಪೆಟ್ಟಿಗೆಯೇ ಇಲ್ಲದ ಹಳೇ ಜೀಪಿನವರೂ ಕೇಳುತ್ತಾರೆ. ಕೋರ್ ಮತ್ತು 12 ವೋಲ್ಟ್ ಫ್ಯಾನ್ ಸೇರಿದ ಕಿಟ್ ಹಾಕಿಸಬಹುದು. ಬಿಸಿ ನೀರನ್ನು ಥರ್ಮೋಸ್ಟಾಟ್‌ಗಿಂತ ಮೊದಲು, ಇಂಜಿನ್ ಹೆಡ್ ಕಡೆಯಿಂದ ತೆಗೆದುಕೊಳ್ಳಬೇಕು. ವಾಪಸ್ ದಾರಿ ವಾಟರ್ ಪಂಪ್ ಎಳೆಯುವ ಕಡೆಗೆ. ಹೋಸ್ ಸಾಮಾನ್ಯವಾಗಿ 5/8 ಇಂಚಿನದು, ಬಿಸಿ ತಡೆಯುವ ಹೀಟರ್ ಹೋಸೇ ಆಗಬೇಕು, ನೀರು ಬಿಡುವ ಪ್ಲಾಸ್ಟಿಕ್ ಪೈಪ್ ಬೇಡ. ಫ್ಯಾನ್‌ಗೆ ಬೇರೆ ಫ್ಯೂಸ್ ಕೊಡಿಸಿ. ಕಿಟ್‌ನ ಗಾಳಿ ಬರೀ ಕಾಲಿಗೆ ಬರುವಂತೆ ಬಿಡಬೇಡಿ, ಒಂದು ಪೈಪ್ ಗಾಜಿನ ಬುಡಕ್ಕೆ ಎಳೆಸಿ. ಬಿಸಿ ನೀರಿನ ದಾರಿಯಲ್ಲಿ ಕೈಗೆ ಸಿಗುವ ಜಾಗದಲ್ಲಿ ಒಂದು ಕಾಕ್ ಇರಲಿ, ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಮುಚ್ಚಿಡಬಹುದು.